ಸೀರೆಗೆ ಫಾಲ್, ಸ್ಪೀಕರ್‌ಗೆ ಸಬ್‌ವೂಫರ್

ಹಾಡು ಕೇಳುವ ಹುಚ್ಚಿರುವ ಕೆಲವರು ಸೇರುವ ಒಂದು ಸಣ್ಣ ಕೂಟದಲ್ಲಿ ಹೋದ ತಿಂಗಳು ಮಾತಾಡಿದ್ದೆ. ಅದನ್ನೇ ಬರೆದುಕೊಡಿ ಎಂದರು. ತಡವರಿಸಿದ ಕಡೆ ಸ್ವಲ್ಪ ಸರಿ ಮಾಡಿದ್ದೇನೆ, ಉಳಿದದ್ದು ಹಾಗೇ ಇದೆ.

ನೀವು ಒಳಗೆ ಬಂದಾಗಿನಿಂದ ಇಲ್ಲಿ ಮೆಲ್ಲಗೆ ಹಾಡು ಓಡುತ್ತಿದೆ. ಎದುರಿಗೆ ಎರಡು ಚಿಕ್ಕ ಸ್ಪೀಕರ್ ಕಾಣುತ್ತಿವೆ. ಬೇಸ್, ಅಂದರೆ ತಗ್ಗು ಸ್ವರಗಳನ್ನಷ್ಟೇ ನುಡಿಸುವ ಪೆಟ್ಟಿಗೆ, ಸಬ್‌ವೂಫರ್ ಎಲ್ಲಿದೆ ಹೇಳಿ ನೋಡೋಣ? ಹಿಂದಿನ ಸಾಲಿನಿಂದ ಒಬ್ಬರು "ಇಲ್ಲಿ ಸಬ್ಬೇ ಇಲ್ವಲ್ಲ" ಅಂದರು. ಇದೆ ಸರ್. ಎಡಗಡೆ ಆ ಪರದೆಯ ಹಿಂದೆ. ಈಗ ಅದನ್ನು ಆಫ್ ಮಾಡುತ್ತೇನೆ, ಕೇಳಿ.

ಹಾಡು ನಿಲ್ಲಲಿಲ್ಲ. ಆದರೂ ಕಾಲಡಿಯ ಚಾಪೆ ಎಳೆದ ಹಾಗಾಯಿತು, ಅಲ್ವಾ? ಗಾಯಕನ ದನಿ ಕೂಡ ತೆಳುವಾಯಿತು. ಇದ್ದಾಗ ಗೊತ್ತಾಗಬಾರದು, ತೆಗೆದಾಗ ಗೊತ್ತಾಗಬೇಕು. ನನ್ನ ಮಟ್ಟಿಗೆ ಸಬ್‌ವೂಫರ್ ಸರಿಯಾಗಿ ಹೊಂದಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಇಲ್ಲ.

ನಾನು ಮನೆಯಲ್ಲಿ ಇದನ್ನೆಲ್ಲ ಕಾಲು ಗಂಟೆ ವಿವರಿಸಿದ ಮೇಲೆ ನನ್ನ ಹೆಂಡತಿ ಒಂದೇ ಮಾತಲ್ಲಿ ಮುಗಿಸಿದಳು: "ಸೀರೆಗೆ ಫಾಲ್ ಹಾಕಿಸಿದ ಹಾಗೆ ಅನ್ನಿ." ಎಷ್ಟು ಸರಿ ನೋಡಿ. ಫಾಲ್ ಇರುವುದು ಸೀರೆಯ ಕೆಳಗೆ, ಒಳಗಡೆ. ಅದರ ಭಾರಕ್ಕೆ ನೆರಿಗೆ ನೆಟ್ಟಗೆ ಇಳಿಯುತ್ತದೆ. ಬಣ್ಣ ಹೊಂದದಿದ್ದರೆ ಎದ್ದು ಕಾಣುತ್ತದೆ, ಹೊಲಿಗೆ ಬಿಗಿಯಾದರೆ ಅಂಚು ಸುಕ್ಕಾಗುತ್ತದೆ. ಯಾರೂ "ಆಹಾ, ಎಂಥಾ ಫಾಲ್" ಎಂದು ಹೊಗಳುವುದಿಲ್ಲ. ಹಾಗೆ ಯಾರಾದರೂ ಅಂದರೆ ಟೈಲರ್ ಹತ್ತಿರ ವಾಪಸ್ ಹೋಗಬೇಕು ಅಂತ ಅರ್ಥ.

ನಮ್ಮಲ್ಲಿ ಮಾತ್ರ ಸಬ್‌ವೂಫರ್ ಕೊಳ್ಳುವವರಲ್ಲಿ ಜಾಸ್ತಿ ಜನ ಫಾಲನ್ನೇ ಹೊರಗೆ ಹೊಲಿಸಿಕೊಂಡು ಓಡಾಡುತ್ತಾರೆ. ನಾನೂ ಮೂರು ವರ್ಷ ಹಾಗೇ ಓಡಾಡಿದವನು.

ಮೊದಲು, ಇದು ಬೇಕಾದರೂ ಯಾಕೆ? ಸ್ಪೀಕರಿನ ಕೋನ್, ಅಂದರೆ ಮುಂದೆ ಕಾಣುವ ಬಟ್ಟಲಿನಂಥ ಭಾಗ, ಹಿಂದೆ ಮುಂದೆ ಆಡಿ ಗಾಳಿಯನ್ನು ತಳ್ಳುತ್ತದೆ. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅನ್ನುವುದೇ ಫ್ರೀಕ್ವೆನ್ಸಿ, ಅದರ ಅಳತೆ ಹರ್ಟ್ಜ್; ಅದು ಕಡಿಮೆಯಾದಷ್ಟೂ ಸ್ವರ ತಗ್ಗು. ಅಷ್ಟೇ ಜೋರಿನ ಸದ್ದನ್ನು ಅರ್ಧ ಫ್ರೀಕ್ವೆನ್ಸಿಯಲ್ಲಿ ಕೊಡಬೇಕೆಂದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. 80 ಹರ್ಟ್ಜ್‌ನಲ್ಲಿ ಒಂದು ಮಿಲಿಮೀಟರ್ ಆಡಿದ್ದು 40ರಲ್ಲಿ ನಾಲ್ಕು, 20ರಲ್ಲಿ ಹದಿನಾರು. ಚಿಕ್ಕ ಸ್ಪೀಕರಿನಲ್ಲಿ ತಗ್ಗು ಸ್ವರ ನುಡಿಸುವ ಐದಿಂಚಿನ ವೂಫರ್‌ಗೆ ಅದು ಆಗದ ಮಾತು. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇಡಲು ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿಸಿದರು. ಮನುಷ್ಯರ ದನಿಗೆ ಅದನ್ನು ಇವತ್ತಿಗೂ ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದರ ಕಾಗದದಲ್ಲೇ ಬರೆದಿರುವುದು 70 ಹರ್ಟ್ಜ್‌ನಿಂದ ಮೇಲಕ್ಕೆ ಎಂದು. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್, ಪಿಯಾನೋದ ಕಟ್ಟಕಡೆಯ ಮನೆ 27.5. ಅಂದರೆ ಒಳ್ಳೆಯ ಚಿಕ್ಕ ಸ್ಪೀಕರಿನ ಕೆಳಗೆ ಸಂಗೀತ ಇನ್ನೂ ಒಂದು ಆಕ್ಟೇವ್‌ಗಿಂತ, ಅಂದರೆ ಸ್ಥಾಯಿಗಿಂತ ಹೆಚ್ಚು ಉಳಿದಿರುತ್ತದೆ.

ನಮ್ಮ ಸಂಗೀತ? ಗಾಯಕರು ಸಿ ಶ್ರುತಿಯಲ್ಲಿ ಹಾಡುತ್ತಿದ್ದರೆ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಜ್. ಚಿಕ್ಕ ಸ್ಪೀಕರ್ ಅದನ್ನು ಪೂರ್ತಿ ಕೊಡದಿದ್ದರೂ ಮೇಲಿನ ಸ್ವರಾಂಶಗಳನ್ನು ಕೇಳಿ ನಮ್ಮ ಮೆದುಳು ಕೆಳಗಿನದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಮೃದಂಗದ ಎಡಗಡೆ ಮಾತ್ರ ಹಾಗೆ ಸುಮ್ನೆ ತುಂಬಿಕೊಳ್ಳುವುದಿಲ್ಲ. ಕಚೇರಿಗೆ ಮುಂಚೆ ತೊಪ್ಪಿಗೆ, ಅಂದರೆ ಆ ಎಡ ಮುಖಕ್ಕೆ, ರವೆ ಕಲಸಿ ಮೆತ್ತುತ್ತಾರಲ್ಲ, ಚರ್ಮದ ಭಾರ ಹೆಚ್ಚಿಸಿ ಸ್ವರ ಇಳಿಸುವುದಕ್ಕೇ ತಾನೇ ಅದು? ಆ ಗುಮಕಿಯ ತೂಕ ಚಿಕ್ಕ ಪೆಟ್ಟಿಗೆಯಲ್ಲಿ ಕಳೆದುಹೋಗುತ್ತದೆ.

ಇನ್ನು ಕೋಣೆಯ ವಿಷಯ. ಇವತ್ತು ನಿಮ್ಮನ್ನು ಜಾಸ್ತಿ ಹೊತ್ತು ಹಿಡಿದಿಡುವುದು ಇಲ್ಲಿಯೇ, ಯಾಕೆಂದರೆ ಎಲ್ಲ ತಪ್ಪೂ ಇಲ್ಲಿಯೇ ಆಗುವುದು.

ಅಗಲವಾದ ಟಬ್‌ನಲ್ಲಿ ನೀರು ತುಂಬಿ ಇಬ್ಬರು ಎತ್ತಿಕೊಂಡು ಹೋಗುವುದನ್ನು ನೋಡಿದ್ದೀರಿ. ನೀರು ಆ ತುದಿ ಏರಿ ಈ ತುದಿ ಇಳಿಯುತ್ತದೆ, ಮತ್ತೆ ಈ ತುದಿ ಏರುತ್ತದೆ. ಎರಡು ಅಂಚಿನಲ್ಲಿ ಕುಣಿತ, ನಟ್ಟನಡುವೆ ಮಾತ್ರ ಮಟ್ಟ ಇದ್ದ ಹಾಗೇ ಇರುತ್ತದೆ. ಕೋಣೆಯೊಳಗೆ ಗಾಳಿಯ ಒತ್ತಡವೂ ಹೀಗೇ ತುಳುಕುತ್ತದೆ. ಟಬ್ಬಿಗೆ ಒಂದು ತಾಳ ಇದೆ, ಆ ತಾಳಕ್ಕೆ ಹೆಜ್ಜೆ ಹಾಕಿದರೆ ನೀರು ಚೆಲ್ಲುತ್ತದೆ. ಕೋಣೆಗೂ ಅದರ ತಾಳ ಇದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ತಾಳ ಸಿಗುತ್ತದೆ. ನಮ್ಮ ಹಾಲ್ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಲೆಕ್ಕ ಹಾಕಿದರೆ ಉದ್ದಕ್ಕೆ 38, ಅಗಲಕ್ಕೆ 47, ಎತ್ತರಕ್ಕೆ 56 ಹರ್ಟ್ಜ್. ಮೂರೂ ಸಬ್‌ವೂಫರ್ ಕೆಲಸ ಮಾಡುವ ಜಾಗದಲ್ಲೇ ಬಂದು ಕೂತಿವೆ.

ಅಮೆರಿಕದವರ ವಿಡಿಯೋ ನೋಡಿ ಸೆಟ್ ಮಾಡುವವರಿಗೆ ಒಂದು ಮಾತು. ಅಲ್ಲಿನ ಎಷ್ಟೋ ಮನೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಬೇಸ್ ಬಂದಾಗ ಆ ಗೋಡೆಗಳೇ ಸ್ವಲ್ಪ ಆಡುತ್ತವೆ, ಒಂದಷ್ಟು ಶಕ್ತಿ ಅಲ್ಲೇ ಕರಗುತ್ತದೆ. ನಮ್ಮದು ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್ ಇಲ್ಲವೇ ವಿಟ್ರಿಫೈಡ್ ಟೈಲ್ಸ್. ಬೇಸ್ ಒಳಗೇ ಗಿರಕಿ ಹೊಡೆಯುತ್ತದೆ. ಆದರೆ ನಮ್ಮ ಹಾಲ್‌ಗಳು ಊಟದ ಮನೆಗೋ ಮಹಡಿ ಮೆಟ್ಟಿಲಿಗೋ ಬಾಗಿಲಿಲ್ಲದೆ ತೆರೆದುಕೊಂಡಿರುತ್ತವಲ್ಲ, ಅದರಿಂದ ಸ್ವಲ್ಪ ಹೊರಗೆ ಹೋಗುತ್ತದೆ. ಕಿಟಕಿ ಬಾಗಿಲು ತೆಗೆದಿಟ್ಟಾಗ ಒಂದು ಥರ, ಮಳೆಗಾಲದಲ್ಲಿ ಎಲ್ಲ ಮುಚ್ಚಿದಾಗ ಇನ್ನೊಂದು ಥರ ಕೇಳುವುದು ನಿಮ್ಮ ಭ್ರಮೆ ಅಲ್ಲ.

ನಾನು ಮಾಡಿದ್ದು ಏನು ಗೊತ್ತಾ? ಸಬ್ಬನ್ನು ಮೂಲೆಯಲ್ಲಿ ಇಟ್ಟೆ. ಯಾಕೆ? ಪ್ಲಗ್ ಪಾಯಿಂಟ್ ಅಲ್ಲಿತ್ತು. ಟಬ್ಬನ್ನು ಅಂಚಿನಲ್ಲಿ ಹಿಡಿದು ಅಲ್ಲಾಡಿಸಿದಷ್ಟು ನೀರು ತುಳುಕುವುದು ಬೇರೆ ಎಲ್ಲಿ ಹಿಡಿದರೂ ಇಲ್ಲ. ಮೂಲೆ ಅಂದರೆ ಉದ್ದ, ಅಗಲ, ಎತ್ತರ ಮೂರಕ್ಕೂ ಅಂಚು. ಸೋಫಾ ಹಿಂದಿನ ಗೋಡೆಗೆ ಆನಿಸಿತ್ತು, ಅದೂ ಅಂಚೇ. 38ರ ಆಸುಪಾಸಿನ ಸ್ವರ ಬಂದರೆ ಸಾಕು, ಘುಂ ಎಂದು ಮನೆಯೆಲ್ಲ ತುಂಬಿ ಷೋಕೇಸಿನ ಗಾಜು ಗಿರ್ರೆನ್ನುತ್ತಿತ್ತು. ಬೇಸ್ ಗಿಟಾರಿನವನು ನಾಲ್ಕು ಸ್ವರ ಬಾರಿಸಿದರೆ ನನಗೆ ಕೇಳುತ್ತಿದ್ದದ್ದು ಒಂದೇ ಸ್ವರ, ನಾಲ್ಕು ಸಲ. ಮನೆಗೆ ಬಂದವರಿಗೆ ಅದನ್ನೇ ಹಾಕಿ ತೋರಿಸಿ ಬೀಗುತ್ತಿದ್ದೆ.

ಇದಕ್ಕೆ ಒಂದು ಹಳೆಯ ಉಪಾಯ ಇದೆ, ಕಾಸು ಖರ್ಚಿಲ್ಲ. ಸಬ್ಬನ್ನು ಎತ್ತಿ ನೀವು ಕೂರುವ ಜಾಗದಲ್ಲಿ, ಸೋಫಾದ ಮೇಲೇ ಇಡಿ. ಬೇಸ್ ಗಿಟಾರ್ ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವಂಥ ಹಾಡು ಹಾಕಿ. ಆಮೇಲೆ ಸಬ್ ಇಡಲು ಸಾಧ್ಯ ಇರುವ ಜಾಗಗಳಲ್ಲಿ ನೆಲದ ಮಟ್ಟಕ್ಕೆ ಕಿವಿ ತಂದು ಕೇಳುತ್ತಾ ಹೋಗಿ. ಎಲ್ಲಿ ಎಲ್ಲ ಸ್ವರವೂ ಒಂದೇ ತೂಕದಲ್ಲಿ ಕೇಳುತ್ತವೋ ಅಲ್ಲಿ ಸಬ್ ಇಡಿ. ಮಾತಾಡುವವರೂ ಕೇಳುವವರೂ ಜಾಗ ಬದಲಿಸಿಕೊಂಡರೂ ನಡುವಿನ ದಾರಿ ಅದೇ ಅನ್ನುವ ಸರಳ ಭೌತಶಾಸ್ತ್ರ ಇದು.

ನಾನು ಒಂದು ಭಾನುವಾರ ಮಧ್ಯಾಹ್ನ ಶುರು ಮಾಡಿದೆ. ಮೊಣಕಾಲೂರಿ, ಕಿವಿ ಕೆಳಗೆ ಮಾಡಿ, ಚೆನ್ನಾಗಿ ಕೇಳಿದ ಕಡೆ ಟೈಲ್ಸ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಗೋಡೆಯುದ್ದಕ್ಕೂ ಅಂಬೆಗಾಲಿಟ್ಟೆ. ಅಮ್ಮ ಮಲಗಿದ್ದವರು ಎದ್ದು ಬಂದರು. ಸೋಫಾ ಮೇಲೆ ಪೆಟ್ಟಿಗೆ, ನೆಲದ ಮೇಲೆ ಮಗ, ಸುತ್ತ ಸೀಮೆಸುಣ್ಣದ ಗೀಟು.

"ಏನೋ ಇದು, ಕುಂಟೆಬಿಲ್ಲೆ ಆಡ್ತಿದ್ಯಾ?"

"ಬೇಸ್ ಎಲ್ಲಿ ಸರಿಯಾಗಿ ಕೇಳುತ್ತೆ ಅಂತ ಹುಡುಕ್ತಿದ್ದೀನಮ್ಮಾ."

"ಮೂರು ವರ್ಷದಿಂದ ಮನೆಯೆಲ್ಲಾ ಅದೇ ತುಂಬಿತ್ತಲ್ಲೋ, ಇನ್ನೂ ಹುಡುಕೋದೇನು?"

ಸಿಕ್ಕ ಜಾಗ ಎಡಗಡೆಯ ಉದ್ದ ಗೋಡೆಯ ನಡುವೆ, ದಿವಾನದ ಪಕ್ಕ. ನಾನು ಕನಸಲ್ಲೂ ಅಲ್ಲಿ ಇಡುತ್ತಿರಲಿಲ್ಲ. ಈಗ ಲೆಕ್ಕ ನೋಡಿದರೆ ಸರಿಯಾಗಿಯೇ ಇದೆ. ಉದ್ದದ ನಡುಮಧ್ಯ ಅಂದರೆ ಟಬ್ಬಿನ ನಡುಮಧ್ಯ, ಅಲ್ಲಿಂದ 38 ಹರ್ಟ್ಜ್‌ನ ತುಳುಕಾಟ ಏಳುವುದೇ ಇಲ್ಲ. ಜೊತೆಗೆ ಸೋಫಾವನ್ನೂ ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದೆ. ಷೋಕೇಸ್ ಆವತ್ತಿನಿಂದ ಸುಮ್ಮನಾಯಿತು.

ವೈರ್ ಜೋಡಿಸುವ ವಿಷಯ ಬೇಗ ಮುಗಿಸುತ್ತೇನೆ. ಆಂಪ್ಲಿಫೈಯರ್‌ನಲ್ಲಿ ಸಬ್ ಔಟ್ ಇದ್ದರೆ ಒಂದು ಆರ್‌ಸಿಎ ವೈರ್ ಸಾಕು. ಹಳೆಯ ಸ್ಟೀರಿಯೋ ಆಂಪ್‌ಗಳಲ್ಲಿ ಅದು ಇರುವುದಿಲ್ಲ. ಆಗ ಸ್ಪೀಕರ್‌ಗೆ ಹೋಗುವ ಕೆಂಪು ಕಪ್ಪು ಟರ್ಮಿನಲ್‌ನಿಂದಲೇ ಸಬ್ಬಿನ ಹೈ ಲೆವೆಲ್ ಇನ್‌ಪುಟ್‌ಗೆ ವೈರ್ ಎಳೆಯಬಹುದು. ಆಂಪ್ ಮೇಲೆ ಅದರಿಂದ ಭಾರ ಬೀಳುವುದಿಲ್ಲ. ಒಂದೇ ಎಚ್ಚರಿಕೆ: ಕೆಲವು ಕ್ಲಾಸ್ ಡಿ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ. ಎಡ ಬಲದ ಕಪ್ಪುಗಳನ್ನು ಒಟ್ಟಿಗೆ ಸೇರಿಸಿದರೆ ಆಂಪ್ ಸುಟ್ಟೀತು. ಕೈಪಿಡಿ ಓದಿ. ಸಬ್ ಜೋಡಿಸಿದ ತಕ್ಷಣ ಊಂ ಎಂಬ ಸದ್ದು ಶುರುವಾದರೆ ಅದು ನಮ್ಮ ಕರೆಂಟಿನ 50 ಹರ್ಟ್ಜ್, ಅರ್ಥಿಂಗ್ ಎರಡು ಕಡೆಯಿಂದ ಸುತ್ತಿಕೊಂಡಿದೆ. ಆಂಪ್ ಮತ್ತು ಸಬ್ ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ ನೋಡಿ. ಅರ್ಥ್ ಪಿನ್ ಮುರಿದು ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ, ಜೀವದ ಪ್ರಶ್ನೆ.

ಈಗ ಹೊಲಿಗೆ. ಸ್ಪೀಕರ್ ಎಲ್ಲಿ ಬಿಡುತ್ತದೆ, ಸಬ್ ಎಲ್ಲಿ ಹಿಡಿಯುತ್ತದೆ ಅನ್ನುವುದು.

ಸಬ್ಬಿನ ಬೆನ್ನಿನಲ್ಲಿ ಕ್ರಾಸ್‌ಓವರ್ ಎಂಬ ಗುಂಡಿ ಇದೆ, ಸುಮಾರು 40ರಿಂದ 150ರವರೆಗೆ. ಅದನ್ನು ಮೇಲಕ್ಕೆ ತಿರುಗಿಸುವ ಆಸೆ ಎಲ್ಲರಿಗೂ. ಕೊಟ್ಟ ಕಾಸಿಗೆ ಜಾಸ್ತಿ ಕೆಲಸ ಮಾಡಲಿ ಅಂತ. ಆದರೆ ಸುಮಾರು 80 ಹರ್ಟ್ಜ್ ದಾಟಿದ ಮೇಲೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿ ಕಂಡುಹಿಡಿಯಲು ಶುರು ಮಾಡುತ್ತದೆ. ಗಂಡಸರ ಮಾತಿನ ಬುಡ ಇರುವುದೇ ನೂರು ಹರ್ಟ್ಜ್‌ನ ಆಚೀಚೆ. ಗುಂಡಿ 120ಕ್ಕೆ ಇಟ್ಟರೆ ವಾರ್ತೆ ಓದುವವರ ಬಾಯಿ ಟಿವಿಯಲ್ಲಿ, ಎದೆ ದಿವಾನದ ಪಕ್ಕದಲ್ಲಿ. ಹೋಮ್ ಥಿಯೇಟರಿನಲ್ಲಿ, ಸಿನಿಮಾ ಸದ್ದಿಗೆ ಮಾನದಂಡ ಗೊತ್ತುಮಾಡುವ ಟಿಎಚ್‌ಎಕ್ಸ್‌ನವರು 80ಕ್ಕೆ ಗೆರೆ ಎಳೆದದ್ದರ ಹಿಂದೆ ಈ ಲೆಕ್ಕವೂ ಇದೆ.

ಎರಡು ದಾರಿ ಇವೆ. ಸ್ಪೀಕರನ್ನು ಅದರ ಪಾಡಿಗೆ ಬಿಟ್ಟು, ಅದು ಜಾರುವ ಕಡೆ ಮಾತ್ರ ಸಬ್ ಕೈ ಕೊಡುವುದು ಒಂದು. ನಿಮ್ಮ ಸ್ಪೀಕರ್ 60ರವರೆಗೆ ಇಳಿಯುತ್ತದೆ ಎಂದರೆ ಗುಂಡಿಯನ್ನು 50-60ರಿಂದ ಶುರು ಮಾಡಿ. ಇನ್ನೊಂದು, ಸ್ಪೀಕರಿಗೇ ಹೈಪಾಸ್ ಹಾಕಿ 80ರ ಕೆಳಗಿನದ್ದನ್ನು ಅದಕ್ಕೆ ಕೊಡದೇ ಇರುವುದು. ಚಿಕ್ಕ ಸ್ಪೀಕರ್ ಇರುವವರಿಗೆ ನಾನು ಎರಡನೆಯದನ್ನೇ ಹೇಳುವುದು. ಆಗಲೇ ಹೇಳಿದೆನಲ್ಲ, ಕೋನ್ ಓಡಾಡಬೇಕಾದ ದೂರ ನಾಲ್ಕು ಪಟ್ಟು ಅಂತ. ಆ ಹೊರೆ ಇಳಿದ ತಕ್ಷಣ ಅದೇ ಐದಿಂಚಿನ ವೂಫರ್ ದನಿಯನ್ನು ಎಷ್ಟು ಹಗುರವಾಗಿ ಹಾಡುತ್ತದೆ ಅಂದರೆ, ಸ್ಪೀಕರ್ ಬದಲಾಯಿಸಿದಿರಾ ಎಂದು ಕೇಳುತ್ತಾರೆ. ಎವಿ ರಿಸೀವರ್, ಅಂದರೆ ಹೋಮ್ ಥಿಯೇಟರಿನ ಆಂಪ್, ಇದ್ದವರಿಗೆ ಇದು ಮೆನುವಿನಲ್ಲೇ ಇದೆ: ಸ್ಪೀಕರ್ "ಸ್ಮಾಲ್" ಎಂದು ಆರಿಸಬೇಕು. ಲಕ್ಷ ಕೊಟ್ಟು ತಂದ ಸ್ಪೀಕರಿಗೆ ಸ್ಮಾಲ್ ಅನ್ನಲು ನಮ್ಮವರಿಗೆ ಮನಸ್ಸೇ ಬರುವುದಿಲ್ಲ. ಅನ್ನಿ, ಅದೇನು ಬೇಜಾರು ಮಾಡಿಕೊಳ್ಳುವುದಿಲ್ಲ. ರಿಸೀವರ್ ಕ್ರಾಸ್‌ಓವರ್ ಮಾಡುತ್ತಿದ್ದರೆ ಸಬ್ಬಿನ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಇಲ್ಲದಿದ್ದರೆ ಎರಡೆರಡು ಸಲ ಸೋಸಿದ ಹಾಗಾಗುತ್ತದೆ.

ಎರಡು ಬದಿಯ ಫಿಲ್ಟರ್‌ಗಳು ಕೂಡುವ ಕಡೆ ಉಬ್ಬು ಬರದಂತೆ ಮಾಡುವ ಲೆಕ್ಕವನ್ನು 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಬರೆದರು. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಅಳತೆಯ ಯಂತ್ರ ಮಾಡುತ್ತಿದ್ದ ಇಂಜಿನಿಯರ್ ಅವರು. ಅಲ್ಲೇ ಇದ್ದ ರಸ್ ರೈಲಿಯವರ ಹೆಸರೂ ಸೇರಿ ಅದು ಲಿಂಕ್‌ವಿಟ್ಜ್ ರೈಲಿ ಎಂದಾಯಿತು. ಈಗಿನ ಡಿಜಿಟಲ್ ಪೆಟ್ಟಿಗೆಗಳ ಮೆನುವಿನಲ್ಲಿ ಆ ಹೆಸರು ಕಂಡರೆ ಹೆದರಬೇಡಿ, 24 ಡೆಸಿಬೆಲ್‌ನದ್ದನ್ನು ಆರಿಸಿ.

ಸಬ್ಬಿನ ತಾಳವನ್ನು ಸ್ಪೀಕರಿನ ತಾಳಕ್ಕೆ ಹೊಂದಿಸುವ ಫೇಸ್ ಗುಂಡಿಯನ್ನು ಮುಟ್ಟುವವರೇ ಇಲ್ಲ. ಹೊಲಿಗೆ ಕಾಣುವುದು ಅಲ್ಲಿಯೇ. ಸ್ಪೀಕರ್ ಕೋನ್ ಮುಂದೆ ತಳ್ಳುವ ಹೊತ್ತಿಗೆ ಸಬ್ ಕೋನ್ ಹಿಂದೆ ಎಳೆದರೆ ಎರಡೂ ಕೂಡಿ ಸೊನ್ನೆ. ನೀವು ಎಷ್ಟು ವಾಲ್ಯೂಮ್ ಏರಿಸಿದರೂ ಬೇಸ್ ತೆಳ್ಳಗೇ ಇರುತ್ತದೆ. ನಮ್ಮ ಮನೆಯಲ್ಲಿ ಸಬ್ ನನಗೆ ಸ್ಪೀಕರ್‌ಗಿಂತ 1.2 ಮೀಟರ್ ಹತ್ತಿರ. ಅಂದರೆ ಅದರ ಸದ್ದು ಮೂರೂವರೆ ಮಿಲಿಸೆಕೆಂಡ್ ಮೊದಲೇ ಬರುತ್ತದೆ. 60 ಹರ್ಟ್ಜ್‌ನ ಒಂದು ಸುತ್ತಿಗೆ ಹದಿನಾರೂ ಮುಕ್ಕಾಲು ಮಿಲಿಸೆಕೆಂಡ್ ಬೇಕು, ಆದ್ದರಿಂದ ಸುಮಾರು ಐದನೇ ಒಂದು ಭಾಗ ತಾಳ ತಪ್ಪಿದೆ. ಜೊತೆಗೆ ಫಿಲ್ಟರ್‌ಗಳೂ ತಮ್ಮ ಪಾಲಿಗೆ ತಿರುಗಿಸುತ್ತವೆ. ಕಾಗದದ ಲೆಕ್ಕ ಕೈಕೊಡುತ್ತದೆ, ಕಿವಿಯಲ್ಲೇ ನೋಡಬೇಕು.

ಇಬ್ಬರು ಬೇಕು. ಕ್ರಾಸ್‌ಓವರ್ ಇಟ್ಟಿರುವ ಫ್ರೀಕ್ವೆನ್ಸಿಯ ಟೋನ್ ಫೋನಿನಿಂದ ಹಾಕಿ. ಒಬ್ಬರು ಸೋಫಾದಲ್ಲಿ, ಇನ್ನೊಬ್ಬರು ಸಬ್ಬಿನ ಹಿಂದೆ. ಗುಂಡಿಯನ್ನು ನಿಧಾನ ತಿರುಗಿಸುತ್ತಾ ಹೋದರೆ ಒಂದು ಕಡೆ ಸದ್ದು ಹೆಚ್ಚಾಗುತ್ತದೆ. ಆದರೆ ಹೆಚ್ಚಾದದ್ದು ಎಲ್ಲಿ ಎಂದು ಕಿವಿಗೆ ಸರಿಯಾಗಿ ಹಿಡಿಯುವುದಿಲ್ಲ, ತಗ್ಗಿದ್ದು ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕೇ ಒಂದು ಜಾಣತನ: ಎರಡೂ ಸ್ಪೀಕರಿನ ಕೆಂಪು ಕಪ್ಪು ವೈರನ್ನು, ಆಂಪ್ ಆಫ್ ಮಾಡಿ, ಅದಲು ಬದಲು ಮಾಡಿ. ಸಬ್ಬನ್ನು ಹೈ ಲೆವೆಲ್‌ನಲ್ಲಿ ಜೋಡಿಸಿದ್ದರೆ ವೈರನ್ನು ಆಂಪ್ ಕಡೆ ಮುಟ್ಟದೆ ಸ್ಪೀಕರಿನ ಬೆನ್ನಲ್ಲೇ ಬದಲಿಸಿ. ಈಗ ಸದ್ದು ಎಲ್ಲಿ ಹೆಚ್ಚು ಸಾಯುತ್ತದೆ ನೋಡಿ ಗುಂಡಿ ಅಲ್ಲಿಗೆ ನಿಲ್ಲಿಸಿ. ವೈರ್ ಮತ್ತೆ ಮೊದಲಿನಂತೆ ಹಾಕಿದರೆ ಅದೇ ಅತಿ ಚೆನ್ನಾಗಿ ಕೂಡುವ ಜಾಗ. ನಮ್ಮ ಮನೆಯಲ್ಲಿ ಮಗಳು ಸೋಫಾದಲ್ಲಿ ಕೂತಳು, ನಾನು ಸಬ್ಬಿನ ಹಿಂದೆ ಕೂತು ತಿರುಗಿಸಿದೆ. "ಅಪ್ಪಾ, ಸದ್ದು ಎಲ್ಲಿ ಹೋಯ್ತು?" ಎಂದು ಅವಳು ಕೇಳಿದಾಗ ಗುಂಡಿ 90 ಡಿಗ್ರಿಯ ಹತ್ತಿರ ಇತ್ತು.

ಆಮೇಲೆ ವಾಲ್ಯೂಮ್. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ಇಂಗು ಎಷ್ಟು ಅನ್ನುವುದು ಮಂಗಕ್ಕೆ ಗೊತ್ತಿರಬೇಕಷ್ಟೆ. ಸಬ್ ಕೇಳಿಸುವವರೆಗೆ ಏರಿಸಿ, ಕೇಳಿಸಿದ ಕೂಡಲೇ ಸ್ವಲ್ಪ ಇಳಿಸಿ. ಹದಿನೈದು ದಿನ ಬಿಟ್ಟು ಇನ್ನೂ ಒಂಚೂರು ಇಳಿಸಿ. ನಾನು ನೋಡಿದವರಲ್ಲಿ ಆಮೇಲೆ ಏರಿಸಿದವರು ಕಡಿಮೆ. ಇದನ್ನು ನೀವು ದಿನಾ ಕೇಳುವ ವಾಲ್ಯೂಮಿನಲ್ಲೇ ಮಾಡಬೇಕು. ಸದ್ದು ಮೆಲ್ಲಗಾದಷ್ಟೂ ನಮ್ಮ ಕಿವಿ ಬೇಸನ್ನು ಇನ್ನೂ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ನಕ್ಷೆ ಬರೆದಿದ್ದಾರೆ. ಹಗಲು ಜೋರಾಗಿ ಹಾಕಿ ಹೊಂದಿಸಿದ್ದು ರಾತ್ರಿ ಸಪ್ಪೆ ಅನ್ನಿಸುವುದು ಅದಕ್ಕೇ.

ಕಿವಿಯ ಮೇಲೆ ನಂಬಿಕೆ ಇಲ್ಲದವರಿಗೆ ಮೈಕ್ ಇದೆ. ಯುಮಿಕ್ 1 ಥರದ ಯುಎಸ್‌ಬಿ ಮೈಕ್, ಜೊತೆಗೆ ರೂಮ್ ಇಕ್ಯೂ ವಿಜಾರ್ಡ್ ಎಂಬ ಉಚಿತ ಸಾಫ್ಟ್‌ವೇರ್. ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಮೊದಲ ಸಲ ನಿಮ್ಮ ಕೋಣೆಯ ಗೆರೆ ನೋಡಿದಾಗ ಎದೆ ಧಸಕ್ ಅನ್ನುತ್ತದೆ, ಪಶ್ಚಿಮ ಘಟ್ಟದ ಹಾಗೆ ಏರು ತಗ್ಗು. ಎಲ್ಲರದ್ದೂ ಹಾಗೇ. ಉಬ್ಬಿದ್ದನ್ನು ಇಕ್ವಲೈಸರ್‌ನಲ್ಲಿ ಕತ್ತರಿಸಿ. ತಗ್ಗನ್ನು ತುಂಬಲು ಹೋಗಬೇಡಿ. ಆ ತಗ್ಗು ಬಂದಿರುವುದು ಗೋಡೆಯಿಂದ ವಾಪಸ್ ಬಂದ ಅಲೆ ನೇರ ಅಲೆಯನ್ನು ನುಂಗಿದ್ದರಿಂದ. ನೀವು ಹತ್ತು ಪಟ್ಟು ಶಕ್ತಿ ಕೊಟ್ಟರೆ ನುಂಗುವ ಅಲೆಗೂ ಹತ್ತು ಪಟ್ಟು ಸಿಗುತ್ತದೆ.

ಕಡೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು.

ಗೋಡೆಗೆ ಮೊಟ್ಟೆಯ ಟ್ರೇ ಹೊಡೆದರೆ ಬೇಸ್ ಸರಿಹೋಗುತ್ತದಾ ಎಂದು ಒಬ್ಬ ಹುಡುಗ ಕೇಳಿದ. 40 ಹರ್ಟ್ಜ್‌ನ ಅಲೆಯ ಉದ್ದ ಎಂಟೂವರೆ ಮೀಟರ್, ನಿನ್ನ ಕೋಣೆಗಿಂತ ಉದ್ದ. ಎರಡಿಂಚಿನ ರಟ್ಟು ಅದಕ್ಕೆ ಲೆಕ್ಕಕ್ಕೇ ಇಲ್ಲ ಎಂದೆ. ಜಿರಲೆಗೆ ಮನೆ ಆಗುತ್ತೆ ಎಂದು ಪಕ್ಕದವರು ಸೇರಿಸಿದರು.

ಒಂದು ದೊಡ್ಡ ಸಬ್ ಒಳ್ಳೆಯದೋ, ಎರಡು ಚಿಕ್ಕದೋ? ಕಾಸು ಅಷ್ಟೇ ಇದ್ದರೆ ಎರಡು ಚಿಕ್ಕದು. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್ಬನ್ನು ಎಲ್ಲೆಲ್ಲಿ ಇಡಬೇಕೆಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಎದುರು ಬದುರು ಗೋಡೆಗಳ ನಡುವೆ ಒಂದೊಂದು ಇಟ್ಟರೆ ಒಂದು ಎಬ್ಬಿಸಿದ ತುಳುಕಾಟವನ್ನು ಇನ್ನೊಂದು ತಣಿಸುತ್ತದೆ, ಸೋಫಾದಲ್ಲಿ ಕೂತ ಮೂವರಿಗೂ ಹೆಚ್ಚು ಕಡಿಮೆ ಒಂದೇ ಬೇಸ್ ಸಿಗುತ್ತದೆ. ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರ ವಿಷಯ ಇನ್ನೊಬ್ಬರು ಎತ್ತಿದರು. ಸಬ್ಬಿನ ಕಾಲಿಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಕಿದರೆ ನೆಲಕ್ಕೆ ನೇರ ಇಳಿಯುವ ನಡುಕ ಸ್ವಲ್ಪ ತಗ್ಗುತ್ತದೆ. ಗಾಳಿಯಲ್ಲಿ ಹೋಗುವುದಕ್ಕೆ ಮದ್ದಿಲ್ಲ, ರಾತ್ರಿ ಒಂಬತ್ತಕ್ಕೆ ಕಡಿಮೆ ಮಾಡಿ, ಹಬ್ಬಕ್ಕೆ ಒಬ್ಬಟ್ಟು ಕಳಿಸಿ.

ಮುಂದಿನ ಸಾಲಿನಲ್ಲಿ ಹಿರಿಯರೊಬ್ಬರು ಮೊದಲಿಂದಲೂ ಬರೆದುಕೊಳ್ಳುತ್ತಿದ್ದರು. ಎದ್ದು ನಿಂತು ಹೇಳಿದರು: "ನನ್ನ ಹತ್ರ ನೆಲದ ಮೇಲೆ ನಿಲ್ಲೋ ದೊಡ್ಡ ಸ್ಪೀಕರ್ ಇದೆ. ನಾನು ಕೇಳೋದು ಬರೀ ವೀಣೆ, ಗಾಯನ. ನೀವು ಹೇಳಿದ್ದೆಲ್ಲಾ ಬರ್ಕೊಂಡಿದ್ದೀನಿ. ಯಾವ ಸಬ್ ತಗೊಳ್ಳಲಿ?"

"ಯಾವುದೂ ಬೇಡ ಸರ್," ಅಂದೆ. "ನಿಮ್ಮ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆಯಾ?"

"ಅಂಟಿಕೊಂಡೇ ಇದೆ."

"ಒಂದೂವರೆ ಅಡಿ ಮುಂದಕ್ಕೆ ಎಳೆದು ನೋಡಿ."

ಅವರು ಅದನ್ನೂ ಬರೆದುಕೊಂಡರು. ಮೊನ್ನೆ ಫೋನ್ ಮಾಡಿದ್ದರು. ಸೋಫಾ ಹಿಂದೆ ಎರಡು ವರ್ಷದಿಂದ ಕಾಣದ ಕನ್ನಡಕ ಸಿಕ್ಕಿತಂತೆ. ಬೇಸ್ ಹೇಗಿದೆ ಎಂದು ಕೇಳಿದೆ. ಇನ್ನೂ ಕೇಳಿ ನೋಡಿಲ್ಲ ಅಂದರು.